ಮೂಗುಗಂಬದ ಸೊನ್ನೆ

ಸೀನು ಬಂದರೆ ಸೀನಬೇಕು. ಇಷ್ಟು ಸಣ್ಣ ಹಕ್ಕನ್ನು ನಾವು ದಾವಣಗೆರೆಯವರು ಕಳೆದುಕೊಂಡು ಹತ್ತಿರ ಹತ್ತಿರ ಮೂರು ತಿಂಗಳಾಯಿತು. ಕಸಿದುಕೊಂಡವರಲ್ಲಿ ನಾನೂ ಒಬ್ಬಳು. ಹಾಗಾಗಿ ಬೈಯುವುದಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು, ಅದನ್ನು ದಿನಕ್ಕೆರಡು ಸಲ ತಪ್ಪದೆ ಮಾಡುತ್ತಿದ್ದೇನೆ.

ನನ್ನ ಹೆಸರು ನೀಲಾಂಬಿಕೆ. ಊರಿನ ಉಸಿರು ಕೇಂದ್ರದಲ್ಲಿ ಉಪಕರಣಗಳ ಉಸ್ತುವಾರಿ ನನ್ನದು. ಹೂಬಿಡುವ ಕಾಲದಲ್ಲಿ ಗಾಳಿಗೆ ಬರುವ ಪರಾಗ ಜನರ ಮೂಗಿಗೆ ಹೋಗುವ ಮೊದಲೇ ಅದನ್ನು ನೆಲಕ್ಕೆ ಇಳಿಸಿಬಿಟ್ಟರೆ ಅಲರ್ಜಿ ಎಲ್ಲಿಂದ ಬರಬೇಕು? ಕೇಂದ್ರ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ಊರಿನ ಹತ್ತಿರದ ಹಳ್ಳಿಗಳೂ ಸೇರಿ ನಲವತ್ತೈದು ಕಂಬಗಳನ್ನು ನೆಟ್ಟೆವು. ಪ್ರತಿ ಕಂಬವೂ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅದರಲ್ಲಿರುವ ಒಂದೊಂದು ಕಣದ ಚಿತ್ರ ತೆಗೆಯುತ್ತದೆ, ಆಕಾರ ನೋಡಿ ಇದು ಇಂಥ ಗಿಡದ್ದು ಅಂತ ಗುರುತು ಹಿಡಿದು ಎಣಿಸುತ್ತದೆ. ಎಣಿಕೆ ಅರವತ್ತು ದಾಟಿದರೆ ಕಂಬದ ತುದಿಯಿಂದ ತೆಳ್ಳಗೆ ಮಂಜು ಹೊರಡುತ್ತದೆ. ಮಂಜಿನಲ್ಲಿ ಒಂದು ಜಾತಿಯ ಗೋಂದು ಇದೆ. ಪರಾಗದ ಕಣಗಳು ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಕೆಳಗೆ ಬೀಳುತ್ತವೆ. ಜನ ಅದಕ್ಕೆ ಮೂಗುಗಂಬ ಅಂತ ಹೆಸರಿಟ್ಟರು. ಕಂಬದ ಮೇಲೊಂದು ದೀಪದ ಹಲಗೆ. ಪರಾಗ ಇಲ್ಲದಿದ್ದರೆ ಹಸಿರು, ಸ್ವಲ್ಪ ಇದ್ದರೆ ಹಳದಿ, ಅಪಾಯವಾದರೆ ಕೆಂಪು.

ಮೊದಲ ಬೇಸಿಗೆಯಲ್ಲಿ ಕಂಬಗಳು ಊರಿಗೆ ಊರನ್ನೇ ಗೆದ್ದವು, ಅದನ್ನು ಇಲ್ಲವೆನ್ನುವುದಿಲ್ಲ. ಹೊಂಗೆ ಹೂಬಿಟ್ಟಿತು, ಬಳ್ಳಾರಿ ಜಾಲಿ ಹೂಬಿಟ್ಟಿತು, ಎರಡಕ್ಕೂ ಕಂಬಗಳು ಬೆಳಗಿನ ಆರಕ್ಕೇ ಮಂಜು ಬಿಟ್ಟವು. ಪ್ರತಿ ಮಾರ್ಚಿನಲ್ಲೂ ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡುತ್ತಿದ್ದವರು ಈ ವರ್ಷ ಆರಾಮಾಗಿ ಓಡಾಡಿದರು. ಆಸ್ಪತ್ರೆಯ ಸಾಲು ಕರಗಿತು. ನಮ್ಮ ಮೇಲೆ ಊರಿಗೆ ನಂಬಿಕೆ ಬಂತು, ನಮಗೂ ನಮ್ಮ ಮೇಲೆ ಬಂತು. ತೊಂದರೆ ಶುರುವಾಗಿದ್ದು ಅಲ್ಲಿಂದಲೇ.

ಯಾಕೆಂದರೆ ಹಲಗೆ ಹಸಿರಾಗಿದ್ದಾಗಲೂ ಯಾರಾದರೂ ಸೀನಿದರೆ ಏನರ್ಥ? ಪರಾಗವಂತೂ ಅಲ್ಲ. ಹಾಗಾದರೆ ಅಂಟುವ ಜ್ವರ. ಇದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿತು. ಜೂನ್ ಕಳೆದು ಮಳೆ ಹಿಡಿದ ಮೇಲೆ ಊರಲ್ಲಿ ಸೀನುವವರು ಹೆಚ್ಚಾದರು, ಹಲಗೆ ಮಾತ್ರ ಹಸಿರು ಬಿಟ್ಟು ಕದಲಲಿಲ್ಲ. ಬಸ್ಸಿನಲ್ಲಿ ಸೀನಿದವರನ್ನು ಕಂಡಕ್ಟರ್ ಮುಂದಿನ ಸ್ಟಾಪಿನಲ್ಲಿ ಇಳಿಸತೊಡಗಿದ. ಶಾಲೆಯಲ್ಲಿ ಸೀನಿದ ಮಕ್ಕಳಿಗೆ ಮೂರು ದಿನ ಮನೆ. ಮಿಲ್ಲಿನಲ್ಲಿ ಸೀನಿದ ಹೆಂಗಸರಿಗೆ ಆ ದಿನದ ಕೆಲಸ ಇಲ್ಲ. ಜನ ಏನು ಮಾಡಿಯಾರು? ಸೀನನ್ನು ನುಂಗುವುದನ್ನು ಕಲಿತರು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು, ಮೇಲ್ದುಟಿಯನ್ನು ಬೆರಳಲ್ಲಿ ಅಮುಕುವುದು. ನನ್ನ ಗಂಡ ಕೊಟ್ರೇಶ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟವನು. ಎಣ್ಣೆಯ ಬಾಣಲೆ ಬಿಟ್ಟು ಆಗಾಗ ಹಿಂದಿನ ಗೋಡೆಯ ಕಡೆಗೆ ತಿರುಗಿ ನಿಲ್ಲುತ್ತಿದ್ದ. ಬೀಡಿ ಸೇದುವುದನ್ನು ಮತ್ತೆ ಶುರು ಮಾಡಿದ್ದಾನೆ ಅಂದುಕೊಂಡು ನಾನು ಒಂದು ವಾರ ಅವನ ಹತ್ತಿರ ಮಾತು ಬಿಟ್ಟಿದ್ದೆ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಶಾಲ್ಮಲಿಗೆ ಹದಿನಾರು ವರ್ಷ. ಖೋ-ಖೋ ಆಡುತ್ತಾಳೆ. ಸುಮ್ಮನೆ ಆಡುತ್ತಾಳೆ ಅಂದರೆ ಸಾಲದು. ಹೋದ ವರ್ಷ ತಾಲ್ಲೂಕು ಪಂದ್ಯದಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು ಯಾರ ಕೈಗೂ ಸಿಗದೆ ಓಡಿದವಳು. ಜಿಲ್ಲಾ ತಂಡಕ್ಕೆ ಆಯ್ಕೆಯಾಗಲು ಇದೇ ಅವಳಿಗೆ ಕೊನೆಯ ವರ್ಷ, ಮುಂದಿನ ವರ್ಷ ವಯಸ್ಸು ಮೀರುತ್ತದೆ. ಆಯ್ಕೆ ಸೆಪ್ಟೆಂಬರ್ ಕೊನೆಯ ಶನಿವಾರ, ಅವಳ ಶಾಲೆಯ ಮೈದಾನದಲ್ಲೇ.

ಜುಲೈ ತಿಂಗಳಲ್ಲಿ ಒಂದು ಸಂಜೆ ಮೈದಾನದಿಂದ ಬಂದವಳು ಬಾಗಿಲಲ್ಲೇ ಕೂತು, ಅಮ್ಮ, ಉಸಿರು ಎಳೆದ್ರೆ ಒಳಗೆ ಹೋಗ್ತಾ ಇಲ್ಲ ಅಂದಳು. ನಾನು ಫೋನ್ ತೆಗೆದು, ನಮ್ಮ ಮನೆ, ಅವಳ ಶಾಲೆ ಎರಡೂ ಇರುವ ಹದಿನೇಳನೇ ವಾರ್ಡಿನ ಎಣಿಕೆ ನೋಡಿದೆ. ನಾಲ್ಕು. ಹಸಿರು. ನೆಗಡಿ ಆಗಿರಬೇಕು, ಬಿಸಿನೀರು ಕುಡಿ ಅಂದೆ. ಆಗಸ್ಟಿನಲ್ಲಿ ಎದೆಯಿಂದ ಕುಯ್ ಕುಯ್ ಸದ್ದು ಬರತೊಡಗಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರೂ ಮೊದಲು ನೋಡಿದ್ದು ನಮ್ಮ ಹಲಗೆಯನ್ನೇ. ಹಸಿರು ವಾರ್ಡಿನಲ್ಲಿ ಅಲರ್ಜಿ ಇರುವುದಕ್ಕೆ ಸಾಧ್ಯವಿಲ್ಲ, ಹತ್ತನೇ ತರಗತಿ ಅಲ್ಲವಾ, ಮನಸ್ಸಿನ ಒತ್ತಡ ಅಂದರು. ಉಬ್ಬಸಕ್ಕೆ ಸೇದುವ ಔಷಧಿಯನ್ನು ಹಲಗೆ ಹಳದಿಗೆ ಹೋದರೆ ಮಾತ್ರ ಬರೆಯುವ ನಿಯಮ, ಆ ನಿಯಮ ಬರೆದ ಸಮಿತಿಯಲ್ಲಿ ನಾನೂ ಇದ್ದೆ. ಆಟದ ಮೇಷ್ಟ್ರು ಹಾಲಸ್ವಾಮಿಯವರು ಅವಳ ಹೆಸರಿನ ಮುಂದೆ ಅಶಿಸ್ತು ಅಂತ ಬರೆದರು. ಓಡು ಅಂದರೆ ಮಧ್ಯದಲ್ಲಿ ನಿಂತುಬಿಡುತ್ತಾಳೆ, ನಾಟಕ ಅಂತ ದೂರು. ಶನಿವಾರದ ಆಯ್ಕೆಯಲ್ಲಿ ಪೂರ್ತಿ ಓಡಿದರೆ ಸರಿ, ಇಲ್ಲದಿದ್ದರೆ ತಂಡದ ಆಸೆ ಬಿಡಲಿ ಅಂತ ನನಗೆ ಫೋನ್ ಮಾಡಿ ಹೇಳಿದರು.

ಅವತ್ತು ನಾನು ಮಗಳಿಗೆ ಒಂದು ಮಾತು ಅಂದೆ. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಸೋಲ್ತೀನಿ ಅನ್ನೋ ಭಯಕ್ಕೆ ಉಸಿರಿನ ನೆಪ ಹೇಳ್ಬೇಡ ಶಾಲು. ಮಿಷಿನ್ನಿಗೆ ಸುಳ್ಳು ಹೇಳೋಕೆ ಬರಲ್ಲ."

ಅವಳು ಜಗಳ ಮಾಡಲಿಲ್ಲ. ನಾಲ್ಕು ದಿನ ನನ್ನ ಹತ್ತಿರ ಊಟ ಬಡಿಸಿಕೊಳ್ಳಲಿಲ್ಲ, ತಾನೇ ಹಾಕಿಕೊಂಡು ತಿಂದಳು. ನನಗೆ ಮೈಯೆಲ್ಲಾ ಉರಿಯಿತು. ಇವಳಿಗೆ ಇವಳ ಕಣ್ಣೆದುರೇ ತೋರಿಸಿಬಿಡುತ್ತೇನೆ ಅಂತ ಹಟ ಹಿಡಿದೆ. ಕಂಬಗಳು ಬರುವ ಮೊದಲು ನಾವು ಪರಾಗ ಎಣಿಸುತ್ತಿದ್ದದ್ದು ಕೈಯಲ್ಲಿ. ಗಾಜಿನ ಪಟ್ಟಿಗೆ ವ್ಯಾಸಲೀನ್ ಸವರಿ ಬಯಲಿನಲ್ಲಿ ಇಡುವುದು, ಒಂದು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೇ ವಿದ್ಯೆ. ಹದಿನಾಲ್ಕು ವರ್ಷ ಅದನ್ನೇ ಮಾಡಿ ಕಣ್ಣಿಗೆ ಕನ್ನಡಕ ಬಂದವಳು ನಾನು. ಶಾಲೆಯ ಮೈದಾನದ ಅಂಚಿನಲ್ಲಿ ಒಂದು ಪಟ್ಟಿ ಇಟ್ಟು ಬಂದೆ, ಬುಧವಾರ ಅದನ್ನು ಕೇಂದ್ರಕ್ಕೆ ತಂದೆ. ಖಾಲಿ ಪಟ್ಟಿಯನ್ನು ಮಗಳಿಗೆ ತೋರಿಸಿ ಬಾಯಿ ಮುಚ್ಚಿಸಬೇಕು ಅನ್ನುವುದೇ ನನ್ನ ಉದ್ದೇಶವಾಗಿತ್ತು.

ಪಟ್ಟಿ ಖಾಲಿ ಇರಲಿಲ್ಲ. ಕಣ್ಣಿಟ್ಟ ಕಡೆಯೆಲ್ಲ ಗುಂಡಗೆ, ಮೈತುಂಬ ಮುಳ್ಳಿದ್ದ ಕಣಗಳು. ಎಣಿಸುತ್ತ ಎಣಿಸುತ್ತ ಮುನ್ನೂರು ದಾಟಿದ ಮೇಲೆ ನಿಲ್ಲಿಸಿದೆ. ಗುರುತು ಹಿಡಿಯಲು ಪುಸ್ತಕವೇನೂ ಬೇಕಿರಲಿಲ್ಲ. ಪಾರ್ಥೇನಿಯಂ. ಮಳೆ ಬಿದ್ದ ಮೇಲೆ ಖಾಲಿ ಸೈಟಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ ಎದೆಮಟ್ಟ ಎದ್ದು ಬಿಳಿ ಹೂ ಬಿಡುವ ಕಳೆ. ಗೊತ್ತಿಲ್ಲದವರು ಯಾರಿದ್ದಾರೆ?

ಕಂಬಕ್ಕೆ ಕಣ್ಣು ಹೋಗಿದೆಯೋ ಅಂತ ಅದು ತೆಗೆದ ಚಿತ್ರಗಳನ್ನು ತೆರೆದೆ. ಕಣ್ಣು ಚೆನ್ನಾಗಿಯೇ ಇತ್ತು. ಮುಳ್ಳಿನ ಕಣಗಳು ಸಾವಿರಗಟ್ಟಲೆ ಅದರಲ್ಲಿದ್ದವು. ಪ್ರತಿಯೊಂದರ ಕೆಳಗೂ ಒಂದೇ ಮಾತು ಬರೆದಿತ್ತು: ಮಾಮೂಲಿ ಧೂಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮೂರಿನ ಗಾಳಿಯಲ್ಲಿ ಹತ್ತಿಯ ಎಳೆ ಇದೆ, ಮಂಡಕ್ಕಿ ಭಟ್ಟಿಗಳಿಂದ ಬರುವ ಹೊಟ್ಟಿನ ಪುಡಿ ಇದೆ. ಇವನ್ನೆಲ್ಲ ಎಣಿಸುತ್ತ ಕೂತರೆ ಕಂಬ ದಿನವೂ ಕೆಂಪಾಗುತ್ತದೆ. ಅದಕ್ಕೆ ಪ್ರಾರಂಭದಲ್ಲಿ ಒಂದು ಗಂಟೆ ಸೊನ್ನೆ ಹಿಡಿಯುತ್ತೇವೆ. ಆ ಒಂದು ಗಂಟೆ ಯಾವ ಆಕಾರದ ಕಣ ಬಿಡದೆ ಕಾಣಿಸುತ್ತದೋ ಅದು ಈ ಊರಿನ ಮಾಮೂಲಿ ಧೂಳು ಅಂತ ಕಂಬ ಬರೆದುಕೊಳ್ಳುತ್ತದೆ, ಮುಂದೆಂದೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಳೆ ನಿಂತ ಮಾರನೆಯ ಬೆಳಗ್ಗೆ, ಗಾಳಿ ತೊಳೆದುಕೊಂಡಿರುವಾಗ ಸೊನ್ನೆ ಹಿಡಿಯಬೇಕು. ಹಾಗಂತ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿದೆ.

ನಾವು ಯಾವತ್ತು ಹಿಡಿದಿದ್ದೆವು? ದಿನಾಂಕ ನೋಡಿದೆ. ಹೋದ ವರ್ಷದ ಆಯುಧಪೂಜೆ. ಬೆಳಗ್ಗೆ ಹನ್ನೊಂದು ಇಪ್ಪತ್ತರಿಂದ ಹನ್ನೆರಡು ಇಪ್ಪತ್ತು.

ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಅವತ್ತಿನದೆಲ್ಲ ನೆನಪಾಯಿತು. ಕೇಂದ್ರ ಶುರುವಾಗುವ ದಿನ, ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ಜೀಪಿಗೆ ಪೂಜೆಯಾಯಿತು, ಕಂಪ್ಯೂಟರಿಗೆ ಆಯಿತು, ಸ್ಕ್ರೂಡ್ರೈವರಿಗೂ ಆಯಿತು. ಕಂಬಗಳು ಮಾತ್ರ ಬೋಳು ಬೋಳಾಗಿ ನಿಂತಿದ್ದವು. ನನಗೇ ಸಮಾಧಾನವಾಗಲಿಲ್ಲ. ಮಾರ್ಕೆಟ್ಟಿನಿಂದ ಸೇವಂತಿಗೆ, ಚೆಂಡುಹೂವಿನ ಹಾರ ತರಿಸಿ, ವಾರ್ಡ್ ವಾರ್ಡಿಗೂ ಕಳಿಸಿ, ಪ್ರತಿ ಕಂಬಕ್ಕೂ ದಪ್ಪನೆಯ ಹಾರ ಹಾಕಿಸಿದೆ. ಎಲ್ಲಿ ಹಾಕಿಸಿದೆ? ಹಾರ ಜಾರದೆ ನಿಲ್ಲುವ ಜಾಗ ಕಂಬದಲ್ಲಿ ಒಂದೇ, ಗಾಳಿ ಎಳೆದುಕೊಳ್ಳುವ ಬಾಯಿಯ ಸುತ್ತ. ಹದಿನೇಳನೇ ವಾರ್ಡಿನದಕ್ಕೆ ನಾನೇ ಏಣಿ ಹತ್ತಿ ಹಾಕಿ, ಕೈಮುಗಿದು ಇಳಿದಿದ್ದೆ. ಸೇವಂತಿಗೆ, ಚೆಂಡುಹೂ, ಪಾರ್ಥೇನಿಯಂ ಮೂರೂ ಒಂದೇ ಕುಟುಂಬದ ಗಿಡಗಳು. ಮೂರರ ಪರಾಗಕ್ಕೂ ಗುಂಡು ಮೈ, ಮೈತುಂಬ ಮುಳ್ಳು. ಕಂಬ ಒಂದು ಗಂಟೆ ಕಾಲ ಮುಳ್ಳಿನ ಕಣಗಳನ್ನೇ ಉಸಿರಾಡಿ, ಇದೇ ಈ ಊರಿನ ಗಾಳಿ ಅಂತ ಬರೆದುಕೊಂಡಿತು. ಪಾಪ, ಅದರ ತಪ್ಪೇನು? ಸಸ್ಯಶಾಸ್ತ್ರ ಓದಿದವಳು ನಾನು.

ಕೇಂದ್ರದ ನಿರ್ದೇಶಕರು ಡಾ. ಪರಮೇಶ್ವರಪ್ಪ. ಕೆಟ್ಟವರಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ಬೈದು ಹೊರಗೆ ಬರಬಹುದಿತ್ತು. ಗಾಜಿನ ಪಟ್ಟಿಯನ್ನು ತಾವೇ ನೋಡಿದರು, ಎರಡು ಸಲ ನೋಡಿದರು, ಹೌದಲ್ರೀ ಅಂದರು. ಆಮೇಲೆ ಟೀ ತರಿಸಿದರು. ಟೀ ಬಂದ ಕೂಡಲೇ ನನಗೆ ಅರ್ಥವಾಗಿ ಹೋಯಿತು, ಇನ್ನು ಕೆಲಸವಾಗುವುದಿಲ್ಲ. ನಲವತ್ತೈದು ಕಂಬಗಳ ಸೊನ್ನೆ ಬದಲಿಸಬೇಕಾದರೆ ರಾಜ್ಯದ ಸಮಿತಿ ಒಪ್ಪಬೇಕು, ಒಪ್ಪಬೇಕಾದರೆ ಕಾರಣ ಬರೆಯಬೇಕು.

"ಪೂಜೆ ಮಾಡಿದ್ದಕ್ಕೆ ಮಿಷಿನ್ ಕೆಟ್ಟೋಯ್ತು ಅಂತ ಬರೆದು ಸಹಿ ಹಾಕೋರು ಯಾರ್ರೀ? ನಾನು ಹಾಕ್ಲಾ, ನೀವು ಹಾಕ್ತೀರಾ?"

ನಾನೇ ಹಾಕುತ್ತೇನೆ ಅನ್ನುವ ಮಾತು ಬಾಯಿಗೆ ಬಂದಿತ್ತು. ಇಪ್ಪತ್ತೆರಡು ವರ್ಷದ ನೌಕರಿ, ಊರಿನವರ ಮುಂದೆ ಮಾನ, ಎಲ್ಲ ಸೇರಿ ಅದನ್ನು ಹಿಡಿದುಕೊಂಡವು. ಅವರಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು, ಒಂದು ಉಪಾಯ ಹೇಳಿದರು. ವರ್ಷಕ್ಕೊಮ್ಮೆ ಸೊನ್ನೆಯನ್ನು ಹೊಸದು ಮಾಡುವ ಅವಕಾಶ ಹೇಗೂ ಇದೆ. ಇನ್ನು ಮೂರು ವಾರಕ್ಕೆ ಆಯುಧಪೂಜೆ ಬಂತಲ್ಲ, ಅವತ್ತೇ ಒಳ್ಳೆಯ ದಿನ, ಅವತ್ತೇ ಹೊಸ ಸೊನ್ನೆ ಹಿಡಿದುಬಿಡೋಣ ಅಂದರು. ಹಾರ ಮಾತ್ರ ಸ್ವಲ್ಪ ಕೆಳಗೆ ಹಾಕಿಸಿ ಅಂತಲೂ ಸೇರಿಸಿದರು. ತಮಾಷೆಗೆ ಹೇಳುತ್ತಿದ್ದಾರೇನೋ ಅಂತ ಅವರ ಮುಖ ನೋಡಿದೆ. ತಮಾಷೆಯಲ್ಲ. ಅಲ್ಲಿಯೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮನೆಗೆ ಬಂದು ಕೊಟ್ರೇಶನಿಗೆ ಎಲ್ಲ ಹೇಳಿದೆ. ಅವನು ಈರುಳ್ಳಿ ಹೆಚ್ಚುತ್ತಿದ್ದ. ಹೆಚ್ಚುವುದನ್ನು ನಿಲ್ಲಿಸದೆ, ನಂಗೂ ಎರಡು ತಿಂಗಳಿಂದ ಹಂಗೇ ಐತಿ ಅಂದ. ಗೋಡೆಗೆ ತಿರುಗಿ ನಿಲ್ಲುತ್ತಿದ್ದದ್ದು ಸೀನನ್ನು ನುಂಗುವುದಕ್ಕಂತೆ. ಮಿರ್ಚಿ ಅಂಗಡಿಯವನು ಸೀನಿದರೆ ಯಾರು ತಿನ್ನುತ್ತಾರೆ? ನನಗೆ ಯಾಕೆ ಹೇಳಲಿಲ್ಲ ಅಂತ ರೇಗಿದೆ. ಹೇಳಿದ್ರೆ ಏನ್ ಮಾಡ್ತಿದ್ದಿ, ಫೋನ್ ತೆಗೆದು ನಾಲ್ಕು ಅಂತಿದ್ದಿ ಅಂದ. ಒಳಗೆ ಹೋಗಿ ಮಗಳಿಗೂ ಹೇಳಬೇಕಿತ್ತು. ಹೋಗಲಿಲ್ಲ. ಮೊದಲು ಸರಿ ಮಾಡಿ ಆಮೇಲೆ ಹೇಳೋಣ ಅಂದುಕೊಂಡೆ, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಸರಿ ಮಾಡುವುದಕ್ಕೆ ನನ್ನ ಕೈಯಲ್ಲಿದ್ದದ್ದು ಒಂದೇ ದಾರಿ. ಕೆಟ್ಟ ಕಂಬವನ್ನು ದುರಸ್ತಿ ಮಾಡಿದರೆ ಅದೊಂದಕ್ಕೆ ಹೊಸ ಸೊನ್ನೆ ಕೊಡಲು ಉಸ್ತುವಾರಿಯವಳಿಗೆ ಅಧಿಕಾರವಿದೆ. ಶುಕ್ರವಾರ ಹದಿನೇಳನೇ ವಾರ್ಡಿನ ಕಂಬದ ಪಂಖ ಸದ್ದು ಮಾಡುತ್ತಿದೆ ಅಂತ ಬರೆದು, ಅದನ್ನು ಬಿಚ್ಚಿ ಒರೆಸಿದೆ. ಶನಿವಾರ ಬೆಳಗ್ಗೆ ಆರಕ್ಕೆ ಮತ್ತೆ ಏಣಿ ಹತ್ತಿ, ಅದರ ಬಾಯಿಗೆ ಸೋಸುವ ಹತ್ತಿಯ ಪದರ ಕಟ್ಟಿ, ಶುದ್ಧ ಗಾಳಿಯಲ್ಲಿ ಒಂದು ಗಂಟೆ ಸೊನ್ನೆ ಹಿಡಿಸಿದೆ. ಹೊಟ್ಟಿನ ಪುಡಿ, ಹತ್ತಿಯ ಎಳೆ ಏನಾದರೂ ಆಗಲಿ, ಅದನ್ನು ಆಮೇಲೆ ನೋಡಿಕೊಂಡರಾಯಿತು. ಏಳಕ್ಕೆ ಪದರ ಬಿಚ್ಚಿದೆ. ಎಣಿಕೆ ನಾಲ್ಕರಿಂದ ನಾನೂರ ಹನ್ನೆರಡಕ್ಕೆ ಹಾರಿತು. ಹಲಗೆ ಕೆಂಪಾಯಿತು. ತುದಿಯಿಂದ ಮಂಜು ಬುಸ್ ಅಂತ ಹೊರಟು ಮೈದಾನದ ಮೇಲೆ ಇಳಿಯತೊಡಗಿತು. ಒಂದು ಗಂಟೆಯಲ್ಲಿ ಗಾಳಿ ತಿಳಿಯಾಗುತ್ತದೆ, ಒಂಬತ್ತಕ್ಕೆ ಆಯ್ಕೆ, ನನ್ನ ಮಗಳು ಓಡುತ್ತಾಳೆ. ಏಣಿಯ ಮೇಲೆಯೇ ನಿಂತು ಅತ್ತುಬಿಟ್ಟೆ. ಆಮೇಲೆ ಮನೆಗೆ ಹೋಗಿ ಸ್ನಾನ ಮಾಡಿ, ಅವಳ ಆಟ ನೋಡಲು ಒಂಬತ್ತೂಕಾಲಕ್ಕೆ ಮತ್ತೆ ಬಂದೆ.

ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೇಟಿಗೆ ಬೀಗ. ಕಾವಲಿನ ಅಜ್ಜ ಕಂಬದ ಕಡೆ ಕೈ ತೋರಿಸಿದರು. ಕೆಂಪು ಬಂದರೆ ಶಾಲೆಯ ಮೈದಾನ ಇಡೀ ದಿನ ಮುಚ್ಚಬೇಕು ಅಂತ ನಿಯಮವಂತೆ. ಅಂತೆ ಏನು, ಅದೂ ನಮ್ಮ ಸಮಿತಿಯದೇ. ಅಷ್ಟರಲ್ಲಿ ಹಲಗೆ ಹಳದಿಗೆ ಇಳಿದಿತ್ತು, ಗಾಳಿ ಚೆನ್ನಾಗಿತ್ತು, ಯಾರಿಗೆ ಬೇಕು? ಆಯ್ಕೆಯನ್ನು ಹಾಲಸ್ವಾಮಿಯವರು ಪಕ್ಕದ ಹದಿನೆಂಟನೇ ವಾರ್ಡಿಗೆ, ರೈಲು ಹಳಿಯ ಬಳಿಯ ಬಯಲಿಗೆ ಒಯ್ದಿದ್ದರು. ಅಲ್ಲಿ ಹಸಿರು ಇತ್ತಲ್ಲ.

ಓಡಿದೆ. ನಲವತ್ತಾರು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ರಸ್ತೆಯಲ್ಲಿ ಓಡಿದ್ದನ್ನು ನೋಡಿ ಜನ ನಕ್ಕಿರಬಹುದು. ಆ ಬಯಲಿನ ಮೂರು ಕಡೆಯೂ ಪಾರ್ಥೇನಿಯಂ ಎದೆಮಟ್ಟ ನಿಂತು ಬೆಳ್ಳಗೆ ಹೂ ಬಿಟ್ಟಿತ್ತು. ನಾನು ಹೋಗುವ ಹೊತ್ತಿಗೆ ಶಾಲ್ಮಲಿ ಅಂಕಣದ ಒಳಗಿದ್ದಳು. ಮೊದಲ ನಿಮಿಷ ಓಡಿದಳು, ನೋಡುವ ಹಾಗೆ ಓಡಿದಳು. ಆಮೇಲೆ ಕಾಲು ನಿಧಾನವಾಯಿತು. ಅಂಕಣದ ತುದಿಯ ಆಟದ ಕಂಬ ಸುತ್ತಿ ಬರುವಾಗ ಬಾಯಿ ತೆರೆದು ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು, ಆದರೆ ನಿಲ್ಲಲಿಲ್ಲ. ನಾಟಕ ಅಂದವರಿಗೆ ತೋರಿಸಬೇಕು ಅಂತ ಓಡುತ್ತಿದ್ದಳು. ನೆಪ ಅಂದವಳಿಗೂ. ತುಟಿ ಬಣ್ಣಗೆಟ್ಟದ್ದು ನನಗೆ ಗೆರೆಯ ಆಚೆಯಿಂದಲೇ ಕಂಡಿತು.

ನಾನು ಅಂಕಣದ ಒಳಕ್ಕೆ ನುಗ್ಗಿ ಅವಳನ್ನು ಹಿಡಿದುಕೊಂಡೆ. ಹಾಲಸ್ವಾಮಿಯವರು ಸೀಟಿ ಊದಿ, ಇದೇನ್ ಮೇಡಂ, ನೀವೇ ಹಿಂಗೆ ಮಾಡಿದ್ರೆ ಹೆಂಗೆ, ಹಸಿರು ಐತಲ್ಲ ಅಂದರು.

"ಆ ಹಸಿರು ಸುಳ್ಳು ಸರ್. ನಲವತ್ತೈದರಲ್ಲಿ ನಲವತ್ನಾಲ್ಕು ಕಂಬ ಸುಳ್ಳು ಹೇಳ್ತಾವೆ. ಪೂಜೆ ದಿನ ಅವುಗಳ ಬಾಯಿಗೆ ಹಾರ ಹಾಕ್ಸಿ ಕೆಡಿಸಿದ್ದು ನಾನೇ."

ಅವರು ನನ್ನನ್ನೂ ಹಲಗೆಯನ್ನೂ ಒಂದೆರಡು ಸಲ ನೋಡಿದರು. ಬಾಯಿಮಾತಿಗೆ ಆಯ್ಕೆ ನಿಲ್ಲಿಸೋಕೆ ನನಗೆ ಬರಲ್ಲ, ಬರೆದು ಕೊಡ್ತೀರಾ ಅಂದರು. ಅಂಕ ಬರೆಯುವ ಹಾಳೆಯನ್ನು ತಿರುಗಿಸಿ ಬರೆದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಹೂವು, ಯಾರ ಕೈ. ಕೆಳಗೆ ಹುದ್ದೆ ಸಮೇತ ಸಹಿ ಹಾಕಿದೆ. ಸಿಟ್ಟಿನಲ್ಲಿ ಅಕ್ಷರ ದಪ್ಪ ಬಂದವು, ಅಷ್ಟೇ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಯುವ ಮೊದಲೇ ಸಾಲಿನಲ್ಲಿ ಕೂತಿದ್ದ ಒಂದು ಹುಡುಗಿ ಎದ್ದು, ಸರ್, ನನಗೂ ಉಸಿರು ಕಟ್ಟುತ್ತೆ, ಹೇಳಿದ್ರೆ ಮನೆಗೆ ಕಳಿಸ್ತೀರಿ ಅಂತ ಹೇಳಿರ್ಲಿಲ್ಲ ಅಂದಳು. ಅವಳ ಪಕ್ಕದವಳೂ ಎದ್ದಳು. ಇನ್ನೊಬ್ಬಳು ಕೈ ಎತ್ತಿ, ಎತ್ತಿದ ಕೈಯನ್ನೇ ಮೂಗಿಗೆ ಹಿಡಿದುಕೊಂಡು ಸೀನಿದಳು, ಅದರ ಬೆನ್ನಿಗೆ ಬಯಲಿನ ತುಂಬ ಸೀನು. ಎಷ್ಟು ದಿನದಿಂದ ನುಂಗಿಕೊಂಡಿದ್ದವೋ ಆ ಮಕ್ಕಳು. ಮೂವತ್ತೆರಡು ಜನರಲ್ಲಿ ಹನ್ನೊಂದು ಜನ ಎದ್ದು ನಿಂತಿದ್ದರು. ಹಾಲಸ್ವಾಮಿಯವರು ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು, ಆಯ್ಕೆ ನಿಲ್ಲಿಸಿದರು. ಬೇರೆ ದಿನಾಂಕ ಸಿಗುತ್ತದೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿ ನಿರ್ದೇಶಕರ ಕರೆ ಮೂರು ಸಲ ಬಂದು ನಿಂತಿತು.

ಶಾಲ್ಮಲಿಯನ್ನು ನೆರಳಿಗೆ ಕರೆತಂದು ಕೂರಿಸಿದೆ. ಯಾರೋ ಒಬ್ಬ ಹುಡುಗಿ ಚೀಲದ ತಳದಲ್ಲಿ ಅಡಗಿಸಿ ಇಟ್ಟುಕೊಂಡಿದ್ದ ಸೇದುವ ಔಷಧಿ ತಂದು ಕೊಟ್ಟಳು. ಎರಡು ಸಲ ಸೇದಿದ ಮೇಲೆ ಮಗಳ ತುಟಿಗೆ ಸ್ವಲ್ಪ ಬಣ್ಣ ಬಂತು. ನಾನು, ತಪ್ಪಾಯ್ತು ಕಣೇ, ನೀನು ಹೇಳಿದ್ದು ನಿಜ, ಬರೆದು ಸಹಿ ಹಾಕಿ ಕೊಟ್ಟಿದ್ದೀನಿ ನೋಡು ಅಂದೆ. ಅವಳು ನನ್ನ ಕಡೆ ನೋಡದೆ, ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತ ಹೇಳಿದಳು.

"ಜುಲೈನಲ್ಲೇ ಹೇಳಿದ್ನಲ್ಲಮ್ಮ. ಅವಾಗ ನೀನು ನಂಬಿದ್ರೆ ಸಾಕಿತ್ತು. ಸಹಿ ನಂಗೆ ಯಾಕೆ?"

ಅವಳ ಬೆನ್ನ ಮೇಲೆ ಕೈ ಇಡಲು ಹೋದೆ, ಸ್ವಲ್ಪ ಸರಿದು ಕೂತಳು. ಆಸ್ಪತ್ರೆಗೆ ಹೋಗೋಣ, ಏಳು ಅಂದೆ. ಒಂದ್ ನಿಮಿಷ ತಡಿ, ಇನ್ನೂ ಉಸಿರು ಪೂರ್ತಿ ಬಂದಿಲ್ಲ ಅಂದಳು. ನಾನು ಫೋನ್ ಮುಟ್ಟಲಿಲ್ಲ, ಅವಳು ಸಾಕು ಅನ್ನುವವರೆಗೂ ಪಕ್ಕದಲ್ಲಿ ಕೂತು ಕಾದೆ.